ಟ್ರ್ಯಾಕ್ ಕಳಿಸಿ ಕಾರಂತರೇ

ಮಾನ್ಯ ಬಿ. ವಿ. ಕಾರಂತರಿಗೆ,

ಮಿಲ್ಪಿಟಾಸ್‌ನಿಂದ ನಮಸ್ಕಾರಗಳು. ನೀವು 2002ರ ಸೆಪ್ಟೆಂಬರ್ 1ರಂದೇ ಬೆಂಗಳೂರಿನಲ್ಲಿ ತೀರಿಕೊಂಡ ವಿಷಯ ನಮ್ಮ ಸಮಿತಿಯ ಗಮನದಲ್ಲಿದೆ. ಅದರಿಂದ ಪತ್ರವ್ಯವಹಾರಕ್ಕೆ ಅಡ್ಡಿಯಾಗದು ಎಂದುಕೊಂಡಿದ್ದೇವೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬದುಕಿರುವವರಿಂದ ಉತ್ತರ ಬರುವುದೂ ಅಷ್ಟಕ್ಕಷ್ಟೇ.

ನಾವು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಕನ್ನಡ ಕೂಟವೇನಲ್ಲ. ಒಂದು ಟೌನ್‌ಹೌಸ್ ವಠಾರ, ಅದರ ಆಸುಪಾಸು ಸೇರಿ ಹತ್ತಿಪ್ಪತ್ತು ಮನೆ. ಸ್ಯಾನ್ ಹೋಸೆಯ ಉತ್ತರದ ಅಂಚಿಗೆ, 880 ಮತ್ತು 680 ಹೆದ್ದಾರಿಗಳ ನಡುವೆ ಸಿಕ್ಕಿಕೊಂಡಿದ್ದೇವೆ. ಇಲ್ಲೊಂದು ಫೋರ್ಡ್ ಕಾರು ಕಾರ್ಖಾನೆ ಇತ್ತು. 1983ರಲ್ಲಿ ಮುಚ್ಚಿತು. 1994ರಲ್ಲಿ ಅದೇ ಜಾಗ ಗ್ರೇಟ್ ಮಾಲ್ ಆಯಿತು. ತಯಾರಿಸುವ ಜಾಗವನ್ನು ಕೊಳ್ಳುವ ಜಾಗ ಮಾಡುವುದರಲ್ಲಿ ನಮ್ಮೂರಿಗೆ ಒಳ್ಳೆಯ ಅನುಭವವಿದೆ. ನಿಮಗೆ ಈ ಪತ್ರ ಬರೆಯುತ್ತಿರುವುದೂ ಹೆಚ್ಚುಕಮ್ಮಿ ಆ ಉದ್ದೇಶಕ್ಕೇ.

ಸಂಗತಿ ಇಷ್ಟು. ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿರುವ ಮೈಸೂರಿನ ಹಿರಿಯರೊಬ್ಬರು ನಮ್ಮ ರಾಜ್ಯೋತ್ಸವದ ಸಭೆಯಲ್ಲಿ ಕೈ ಎತ್ತಿದರು. ಎತ್ತಬಾರದಿತ್ತು. ಸಭೆಗೆ ಅವರನ್ನು ಕರೆದಿದ್ದು ಕಾಫಿಗೆ, ಸಲಹೆಗಲ್ಲ. ‘ಪ್ರತಿವರ್ಷ ಅದೇ ಸಿನಿಮಾ ಹಾಡಿಗೆ ಅದೇ ಕುಣಿತ ಯಾಕೆ? ಈ ಸಲ ಕಾರಂತರ ರಂಗಸಂಗೀತ ಮಾಡೋಣ’ ಅಂದರು. ಹಿರಿಯರು ಹೇಳಿದ್ದಕ್ಕೆ ತಕ್ಷಣ ಬೇಡ ಅನ್ನುವುದು ನಮ್ಮ ಸಂಸ್ಕೃತಿಯಲ್ಲ. ತಾತ್ವಿಕವಾಗಿ ಒಪ್ಪಿ, ಉಪಸಮಿತಿ ಮಾಡಿ, ಆಮೇಲೆ ಬೇಡ ಅನ್ನುತ್ತೇವೆ.

ಉಪಸಮಿತಿಯ ಮೊದಲ ಕೆಲಸ ಫ್ಲೈಯರ್. ಮರುದಿನ ಬೆಳಿಗ್ಗೆಯೇ ಸಿದ್ಧವಾಗಿ ಬಂತು. ಹಿಂದೆ ಕೆಂಪು ಹಳದಿ, ಮುಂದೆ ನಿಮ್ಮ ಹೆಸರು, ನಡುವೆ ಬಿಳಿ ಕೂದಲಿನ ಶಿವರಾಮ ಕಾರಂತರ ಫೋಟೋ. ‘ಚೋಮನ ದುಡಿ ಅಂದರೆ ಕಾರಂತರು ತಾನೇ?’ ಎಂದು ಮಾಡಿದವರು ವಾದಿಸಿದರು. ಹೌದು, ಕಾದಂಬರಿ ಆ ಕಾರಂತರದು, ಸಿನಿಮಾ ಈ ಕಾರಂತರದು, 1975ರ ಸ್ವರ್ಣಕಮಲ ಸಿಕ್ಕಿದ್ದು ಸಿನಿಮಾಕ್ಕೆ, ಎಂದು ಮೈಸೂರಿನವರು ಬಿಡಿಸಿ ಹೇಳಿದರು. ಉಳುವ ಹಕ್ಕಿಲ್ಲದ ಒಬ್ಬ ಮನುಷ್ಯ ತನ್ನ ಸಿಟ್ಟು, ದುಃಖ, ಹಟ ಎಲ್ಲವನ್ನೂ ಒಂದು ಚರ್ಮವಾದ್ಯದ ಮೇಲೆ ಹಾಕಿ ಬಡಿಯುವ ಕಥೆಗೆ, ಬೇರೆ ಸಂಗೀತ ನಿರ್ದೇಶಕರಾಗಿದ್ದರೆ ಪಿಟೀಲುಗಳ ಹಿಂಡನ್ನೇ ತಂದು ಕೂರಿಸುತ್ತಿದ್ದರು, ಇವರು ಆ ದುಡಿಯನ್ನೇ ನಂಬಿದರು, ಎಂದೂ ಸೇರಿಸಿದರು. ಉಪಸಮಿತಿ ಗಂಭೀರವಾಗಿ ತಲೆಯಾಡಿಸಿ ಫೋಟೋ ಬದಲಿಸಿತು.

ಆಮೇಲೆ ನಿಮ್ಮ ವೃತ್ತಿಜೀವನದ ಪರಿಶೀಲನೆ ನಡೆಯಿತು. ತಪ್ಪು ತಿಳಿಯಬೇಡಿ. ನಮ್ಮಲ್ಲಿ ಅರ್ಧ ಜನ ದಿನವಿಡೀ ಬೇರೆಯವರ ರೆಸ್ಯೂಮೆ ನೋಡುವವರು, ಉಳಿದರ್ಧ ತಮ್ಮ ರೆಸ್ಯೂಮೆ ತಿದ್ದುವವರು. ನಿಮ್ಮದು ನಿಜಕ್ಕೂ ಕಷ್ಟದ ರೆಸ್ಯೂಮೆ.

ಹುಟ್ಟಿದ್ದು 1929ರಲ್ಲಿ, ಬಂಟ್ವಾಳದ ಕಡೆಯ ಬಾಬುಕೋಡಿಯಲ್ಲಿ. ಮೂರನೇ ಕ್ಲಾಸಿನಲ್ಲಿ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾತ್ರ. ಇಲ್ಲಿಯವರೆಗೆ ಸರಿ, ನಮ್ಮ ಮಕ್ಕಳೂ ಮೂರನೇ ಕ್ಲಾಸಿನಲ್ಲಿ ಪಾತ್ರ ಮಾಡುತ್ತಾರೆ, ಮರ ಅಥವಾ ಮೋಡ. ಆಮೇಲೆ ನೀವು ಮನೆಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ್ದೀರಿ. ಇದನ್ನು ರೆಸ್ಯೂಮೆಯಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ ಕಾರಂತರೇ. ‘ಸ್ವಯಂಪ್ರೇರಿತ ಸ್ಥಳಾಂತರ’ ಅನ್ನಬಹುದಿತ್ತು. ಆದರೆ ವೀರಣ್ಣನವರು ನಿಮ್ಮನ್ನು ಕಾಶಿಗೆ ಕಳಿಸಿ ಹಿಂದಿ ಎಂ.ಎ. ಓದಿಸಿದ್ದು ಸಮಿತಿಗೆ ಬಹಳ ಹಿಡಿಸಿತು. ಕಂಪನಿಯವರೇ ಖರ್ಚು ಹಾಕಿ ಓದಿಸುವುದೆಂದರೆ ನಮಗೆ ಕಣ್ಣಿಗೊತ್ತಿಕೊಳ್ಳುವಂಥ ವಿಚಾರ. ಆ ಕಂಪನಿಗೆ ತೇರು, ಆನೆ, ಕುದುರೆ ಎಲ್ಲ ಇದ್ದವು, ಎಚ್‌ಆರ್ ಇಲಾಖೆ ಇರಲಿಲ್ಲ. ಅದಕ್ಕೇ ಸಾಧ್ಯವಾಯಿತೋ ಏನೋ.

ಕಾಶಿಯಲ್ಲಿ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಸಂಗೀತ. ಅಲ್ಲಿಂದ ದೆಹಲಿ, ರಾಷ್ಟ್ರೀಯ ನಾಟಕ ಶಾಲೆ, ಅಲ್ಕಾಜಿಯವರ ಕೈಕೆಳಗೆ ಶಿಸ್ತು, 1962ರಲ್ಲಿ ಪದವಿ. ಕರಾವಳಿಯ ಯಕ್ಷಗಾನ, ಗುಬ್ಬಿಯ ಹಾರ್ಮೋನಿಯಂ, ಕಾಶಿಯ ರಾಗ, ಅಲ್ಕಾಜಿಯವರ ಅಚ್ಚುಕಟ್ಟು, ಇಷ್ಟೂ ಒಬ್ಬನೇ ಮನುಷ್ಯನಲ್ಲಿ ಜಗಳವಾಡದೆ ಹೇಗಿದ್ದವು ಎಂದು ನಮ್ಮಲ್ಲೊಬ್ಬರು ಕೇಳಿದರು. ಜಗಳವಾಡಿಕೊಂಡೇ ಇದ್ದವು, ಆ ಜಗಳವನ್ನೇ ನಾವು ಹಾಡು ಅಂತ ಕೇಳಿದ್ದು, ಎಂದರು ಮೈಸೂರಿನವರು.

ಮುಂದಿನದಂತೂ ಯಾವ ಮ್ಯಾನೇಜರೂ ಸಹಿಸುವಂಥದ್ದಲ್ಲ. ಬೆಂಗಳೂರಿಗೆ ಬಂದು ಪತ್ನಿ ಪ್ರೇಮಾ ಅವರ ಜೊತೆ ‘ಬೆನಕ’ ತಂಡ ಕಟ್ಟಿದಿರಿ. 1977ರಲ್ಲಿ ನಾಟಕ ಶಾಲೆಗೇ ನಿರ್ದೇಶಕರಾದಿರಿ. 1981ಕ್ಕೆ ಬಿಟ್ಟಿರಿ. ಭೋಪಾಲದ ಭಾರತ ಭವನಕ್ಕೆ ಹೋಗಿ ರಂಗಮಂಡಲ ಕಟ್ಟಿ, ಬುಂದೇಲಿ, ಮಾಳ್ವಿ, ಛತ್ತೀಸ್‌ಗಢಿಯಲ್ಲಿ ನಾಟಕ ಆಡಿಸಿದಿರಿ. ಅದನ್ನೂ ಬಿಟ್ಟಿರಿ. 1989ರಲ್ಲಿ ಮೈಸೂರಿಗೆ ಬಂದು ರಂಗಾಯಣ. ನಾಲ್ಕೈದು ವರ್ಷಕ್ಕೊಮ್ಮೆ ಜಾಗ ಬದಲಿಸುವುದು ಈ ಕಣಿವೆಯಲ್ಲಿ ಗೌರವದ ಸಂಗತಿಯೇ. ಆದರೆ ಬದಲಿಸಿದಾಗಲೆಲ್ಲ ಒಂದೋ ಸಂಬಳ ಏರಬೇಕು, ಇಲ್ಲ ಷೇರು ಸಿಗಬೇಕು. ನೀವು ಪ್ರತಿಸಲ ಏನೂ ಇಲ್ಲದ ಕಡೆಗೇ ಹೋಗಿದ್ದೀರಿ. ಅಲ್ಲಿ ಏನಾದರೂ ನಿಂತು ಓಡಾಡುವಂತಾದ ಮೇಲೆ ಎದ್ದಿದ್ದೀರಿ. ಹೂಡಿಕೆದಾರರ ಭಾಷೆಯಲ್ಲಿ ಇದಕ್ಕೊಂದು ಹೆಸರಿದೆ, ಗೌರವಾರ್ಥ ಬರೆಯುತ್ತಿಲ್ಲ.

ನೀವು ವೈದೇಹಿಯವರಿಗೆ ಹೇಳಿ ಬರೆಸಿದ ಆತ್ಮಕಥೆಯನ್ನು ಮೈಸೂರಿನವರು ಸೂಟ್‌ಕೇಸಿನಲ್ಲಿ ತಂದಿದ್ದರು. ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಎಂಬ ಹೆಸರು ನೋಡಿ, ಗ್ರೀನ್ ಕಾರ್ಡಿಗಾಗಿ ಹನ್ನೆರಡನೇ ವರ್ಷ ಕಾಯುತ್ತಿರುವ ನಮ್ಮ ಖಜಾಂಚಿ ಅದನ್ನು ಎದೆಗವುಚಿಕೊಂಡು ಮನೆಗೆ ಒಯ್ದಿದ್ದಾರೆ. ಮರಳಿ ಕೊಟ್ಟಿಲ್ಲ. ವಲಸೆ ಕಾನೂನಿನ ಮಾಹಿತಿ ಎಷ್ಟನೇ ಪುಟದಲ್ಲಿದೆ ಎಂದು ಮೊನ್ನೆ ಕೇಳುತ್ತಿದ್ದರು.

ಈಗ ಮುಖ್ಯ ವಿಷಯ. ನಮಗೆ ಬೇಕಾಗಿರುವುದು ಟ್ರ್ಯಾಕ್.

ನಮ್ಮ ಪದ್ಧತಿ ನಿಮಗೆ ಗೊತ್ತಿರಲಾರದು. ಹಾಡುವವರು ಯೂಟ್ಯೂಬಿನಿಂದ ಕರೋಕೆ ಇಳಿಸಿಕೊಳ್ಳುತ್ತಾರೆ. ತಬಲಾ, ಕೊಳಲು, ಕೋರಸ್ ಎಲ್ಲ ಅದರಲ್ಲೇ ಇರುತ್ತದೆ, ಖಾಲಿ ಇರುವುದು ಒಂದು ಗಂಟಲಿನ ಜಾಗ ಮಾತ್ರ. ಅಲ್ಲಿ ನಮ್ಮ ಗಂಟಲು ತೂರಿಸುತ್ತೇವೆ. ಬೀಳುವ ಭಯವಿಲ್ಲ, ಯಂತ್ರ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ನಿಮ್ಮ ‘ಹಯವದನ’ದ ಹಾಡುಗಳ ಇಂಥದೊಂದು ಟ್ರ್ಯಾಕ್ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಯಾವುದೋ ಊರಿನ ಯಾವುದೋ ತಂಡ ಗುಂಪಾಗಿ ಕೂತು ಹಾಡಿದ್ದು. ಹಾರ್ಮೋನಿಯಂ ಒಂದು ಕಡೆ, ಕೆಮ್ಮು ಒಂದು ಕಡೆ, ಯಾರೋ ಹೆಂಗಸು ಒಂದು ಸಾಲು ಎತ್ತಿದರೆ ಹಿಂದಿನಿಂದ ಎಂಟು ಜನ ಅದರ ಬಾಲ ಹಿಡಿದುಕೊಳ್ಳುತ್ತಾರೆ. ಒಂದು ತಂಡ ಹಾಡಿದಂತೆ ಇನ್ನೊಂದು ಹಾಡಿಲ್ಲ. ಅಧಿಕೃತ ಆವೃತ್ತಿ ಯಾವುದು ಎಂದು ಕೇಳಿದರೆ ಮೈಸೂರಿನವರು ನಕ್ಕರು. ಆ ಹಾಡುಗಳು ಕೂತು ಬರೆದಿಟ್ಟವಲ್ಲವಂತೆ. ತಾಲೀಮಿನಲ್ಲಿ ಎದುರಿಗಿದ್ದ ನಟನ ಶ್ರುತಿ ಎಲ್ಲಿ ಕೂರುತ್ತದೆ, ಉಸಿರು ಎಷ್ಟು ದೂರ ಬರುತ್ತದೆ ಎಂದು ನೋಡಿಕೊಂಡು ಹುಟ್ಟಿದವಂತೆ. ನಟನಿಂದ ನಟನಿಗೆ ಬಾಯಿಂದ ಬಾಯಿಗೆ ದಾಟಿ ಬಂದವಂತೆ.

ಕಂಪನಿ ನಾಟಕದಲ್ಲಿ ಹಾಡು ಬಂತೆಂದರೆ ಕಥೆ ಬದಿಗೆ ಸರಿದು ನಿಲ್ಲುತ್ತಿತ್ತು. ‘ಒನ್ಸ್ ಮೋರ್’ ಕೂಗಿದರೆ ಸತ್ತು ಬಿದ್ದ ರಾಜನೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದ. ಜನ ಹಾಡಿಗೇ ದುಡ್ಡು ಕೊಡುತ್ತಿದ್ದರು, ಅದರಲ್ಲಿ ತಪ್ಪೇನಿಲ್ಲ. ನೀವು ಅದೇ ಮನೆಯ ಉಪ್ಪು ತಿಂದವರು. ಆದರೂ ಹಾಡನ್ನು ನಾಟಕದ ಮುಂದೆ ನಿಲ್ಲಿಸದೆ ಒಳಗೆ ಕಳಿಸಿಬಿಟ್ಟಿರಿ. ಕೇಳುವವನಿಗೆ ಹಾಡು ಎಲ್ಲಿ ಶುರುವಾಯಿತು, ಮಾತು ಎಲ್ಲಿ ಮುಗಿಯಿತು ಎಂದೇ ತಿಳಿಯಬಾರದು. ಕಲ್ಲು ಕಲ್ಲಿಗೆ ತಾಗಿಸಿ, ಬಿದಿರು ಕುಟ್ಟಿ, ಗಾಳಿ ಊದಿ ಹುಟ್ಟಿಸಿದ ಸದ್ದು ಎಲ್ಲೋ ನಡುವೆ ಸ್ವರವಾಗಿಬಿಡಬೇಕು. ಹಾಡುಗಾರರನ್ನು ಕರೆತಂದು ನಟನೆ ಕಲಿಸಲಿಲ್ಲ ನೀವು; ಕತ್ತೆ ಗಂಟಲಿನ ನಟನನ್ನೂ ಹಿಡಿದು ಹಾಡಿಸಿದಿರಿ. ‘ಸತ್ತವರ ನೆರಳು’ ನಾಟಕದಲ್ಲಿ ದಾಸರ ಪದಗಳನ್ನು ಮಠದ ಪೀಠಕ್ಕೆ ನಡೆಯುವ ಕಿತ್ತಾಟದ ನಡುವೆ ತಂದು ಇಟ್ಟಿರಿ, ಭಕ್ತಿಯೇ ಚಾಟಿಯಾಯಿತು. ಅದೇ ಪದಗಳಿಗೆ ನಮ್ಮಲ್ಲಿ ವರ್ಷಕ್ಕೊಮ್ಮೆ ಸ್ಪರ್ಧೆ ಇಟ್ಟು, ಭಾಗವಹಿಸಿದ ಎಲ್ಲರಿಗೂ ಟ್ರೋಫಿ ಕೊಡುತ್ತೇವೆ. ಯಾರಿಗೂ ಏಟು ಬಿದ್ದ ದೂರು ಬಂದಿಲ್ಲ.

‘ಋಷ್ಯಶೃಂಗ’ ಮತ್ತು ‘ಘಟಶ್ರಾದ್ಧ’ ಸಿನಿಮಾಗಳಿಗೆ ನಿಮಗೆ ಸಂಗೀತದ ರಾಷ್ಟ್ರಪ್ರಶಸ್ತಿ ಬಂದಿದೆಯಲ್ಲ, ಕನಿಷ್ಠ ಅವುಗಳದಾದರೂ ಕರೋಕೆ ಇರಬೇಕು ಎಂದು ಹುಡುಕಿದೆವು. ಅವುಗಳಲ್ಲಿ ಕುಣಿಯುವಂಥದ್ದು ಏನೂ ಇಲ್ಲ ಎಂದು ನೃತ್ಯ ಸಂಯೋಜಕಿ ವರದಿ ಕೊಟ್ಟರು.

ಟ್ರ್ಯಾಕ್ ಸಿಗದ ಕಾರಣ ಹದಿನೈದು ಜನ ಕೂಡಿ ಹಾಡುವುದೆಂದಾಯಿತು. ಕೂಡುವುದು ಎಲ್ಲಿ? ಒಬ್ಬರು ಫ್ರೀಮಾಂಟ್‌ನಿಂದ ಬರಬೇಕು, ಇನ್ನೊಬ್ಬರಿಗೆ ರಾತ್ರಿ ಬೆಂಗಳೂರಿನ ಆಫೀಸಿನ ಜೊತೆ ಕಾಲ್. ಹಾಗಾಗಿ ಜೂಮ್‌ನಲ್ಲಿ ತಾಲೀಮು ಇಟ್ಟೆವು. ಕೋರಸ್ಸನ್ನು ಜೂಮ್‌ನಲ್ಲಿ ಕಲಿಸಲು ಹೊರಟ ಮೊದಲಿಗರು ನಾವಲ್ಲದಿರಬಹುದು, ಕೊನೆಯವರಾಗಲಿ ಎಂದು ಹಾರೈಸುತ್ತೇನೆ. ಒಬ್ಬರ ದನಿ ಇನ್ನೊಬ್ಬರನ್ನು ಮುಟ್ಟುವಷ್ಟರಲ್ಲಿ ಅರ್ಧ ಮಾತ್ರೆ ತಡ. ಅವರು ಅದಕ್ಕೆ ಹೊಂದಿಸಿಕೊಂಡು ಹಾಡಿದ್ದು ಇವರಿಗೆ ಇನ್ನಷ್ಟು ತಡ. ಎಲ್ಲರೂ ಎಲ್ಲರಿಗೂ ಕಾಯುತ್ತ ಹಾಡು ಇಳಿಯುತ್ತ ಇಳಿಯುತ್ತ ಶವಯಾತ್ರೆಯ ನಡಿಗೆಗೆ ಬಂತು. ಕೊನೆಗೆ ಒಬ್ಬರು ಮಾತ್ರ ಹಾಡುವುದು, ಉಳಿದವರು ಮ್ಯೂಟ್ ಮಾಡಿಕೊಂಡು ಅವರವರ ಮನೆಯಲ್ಲಿ ಬಾಯಿ ಆಡಿಸುವುದು ಎಂದು ನಿರ್ಧಾರವಾಯಿತು. ಪರದೆಯ ಮೇಲೆ ಹದಿನಾಲ್ಕು ಚೌಕಗಳು ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿದ್ದವು. ಮೈಸೂರಿನವರು ಕನ್ನಡಕ ತೆಗೆದು ಒರೆಸಿಕೊಂಡು, ಲ್ಯಾಪ್‌ಟಾಪನ್ನು ಮೆತ್ತಗೆ ಮಡಚಿಟ್ಟರು.

ಅವರ ಒತ್ತಾಯಕ್ಕೆ ಮಣಿದು ಮುಂದಿನ ಶನಿವಾರ ನಮ್ಮ ಗ್ಯಾರೇಜಿನಲ್ಲೇ ತಾಲೀಮು. ಕಾರು ಹೊರಗೆ, ಜನ ಒಳಗೆ. ಕಾಸ್ಟ್ಕೊದಿಂದ ತಂದ ಟಿಶ್ಯೂ ಮೂಟೆಗಳ ಮೇಲೆ ಹೆಂಗಸರು ಕೂತರು. ಯಾರದೋ ಮನೆಯ ಅಟ್ಟದಿಂದ ಇಳಿದ ಹಾರ್ಮೋನಿಯಂಗೆ ಎರಡು ಮನೆ ಕೂಗುತ್ತಿರಲಿಲ್ಲ, ಒಂದು ಮನೆ ಬಿಡದೆ ಕೂಗುತ್ತಿತ್ತು. ಆ ಬಿಡದ ಸ್ವರವನ್ನೇ ಶ್ರುತಿ ಮಾಡಿಕೊಳ್ಳಿ ಎಂದರು ಹಿರಿಯರು. ನಮಗೆ ತಮಾಷೆ ಅನಿಸಿತು, ಅವರಿಗೆ ಅನಿಸಲಿಲ್ಲ. ಅಷ್ಟರಲ್ಲಿ ಬೇಜಾರಾದ ಮಕ್ಕಳಲ್ಲಿ ಇಬ್ಬರು ನೀಲಿ ರೀಸೈಕಲ್ ಡಬ್ಬವನ್ನು ಕೋಲಾಟದ ಕೋಲಿನಿಂದ ಬಡಿಯತೊಡಗಿದರು. ಗದರಿಸಲು ಎದ್ದ ನನ್ನನ್ನು ಹಿರಿಯರು ಕೈಸನ್ನೆಯಿಂದ ಕೂರಿಸಿ, ಡಬ್ಬದ ಮುಚ್ಚಳಕ್ಕೆ ಒಬ್ಬ, ಹೊಟ್ಟೆಗೆ ಒಬ್ಬ, ಒಳಗಿನ ಖಾಲಿ ಹಾಲಿನ ಕ್ಯಾನುಗಳಿಗೆ ಇಬ್ಬರು ಎಂದು ಹಂಚಿಬಿಟ್ಟರು. ಕಾಲು ಗಂಟೆಯಲ್ಲಿ ಅದಕ್ಕೊಂದು ನಡೆ ಬಂತು. ಕನ್ನಡದಲ್ಲಿ ಊಟ, ನೀರು ಬಿಟ್ಟು ಬೇರೇನೂ ಮಾತಾಡದ ನನ್ನ ಮಗ ಒಂದು ಸಾಲನ್ನು ಅರ್ಥ ಕೇಳದೆ ಎತ್ತಿಕೊಂಡ. ಹೇಳಿಕೊಟ್ಟದ್ದಕ್ಕಿಂತ ಒಂದು ಸ್ವರ ಮೇಲಕ್ಕೆ ಎತ್ತಿದ. ತಿದ್ದಲು ಹೋದವರಿಗೆ, ಈಗ ಅದೇ ಸರಿ, ನೀವೆಲ್ಲ ಅವನ ಹಿಂದೆ ಬನ್ನಿ ಎಂದು ಹೇಳಲಾಯಿತು.

ಈ ಘಟನೆಯ ಬಗ್ಗೆ ವಠಾರದ ಮನೆ ಮಾಲೀಕರ ಸಂಘಕ್ಕೆ ದೂರು ಹೋಗಿದೆ. ಸಮಿತಿಯ ಪರವಾಗಿ ನಾನೇ ಕ್ಷಮೆ ಕೋರಿ ಇಮೇಲ್ ಬರೆದಿದ್ದೇನೆ. ಇನ್ನು ಮುಂದೆ ಕಸದ ಡಬ್ಬವನ್ನು ಕಸಕ್ಕೆ ಮಾತ್ರ ಬಳಸುವುದಾಗಿ ಭರವಸೆ ಕೊಟ್ಟಿದ್ದೇನೆ. ಊರಿನ ಪಡುವಣ ಅಂಚಿಗೆ ನ್ಯೂಬಿ ಐಲೆಂಡ್ ಎಂಬ ಕಸದ ಗುಡ್ಡವಿದೆ. ಗಾಳಿ ಇತ್ತ ಬೀಸಿದ ಸಂಜೆ ಅದರ ವಾಸನೆ ನಮ್ಮ ಮಿಲಿಯನ್ ಡಾಲರ್ ಮನೆಗಳ ಒಳಗೆ ಬಂದು ಕೂರುತ್ತದೆ. ಅಲ್ಲಿ ಬಿದ್ದಿರುವುದನ್ನೆಲ್ಲ ಕಂಡಿದ್ದರೆ ನೀವು ಅದನ್ನು ವಾದ್ಯಗಳ ಉಗ್ರಾಣ ಅನ್ನುತ್ತಿದ್ದಿರೇನೋ. ನಮಗೆ ಅದು ಮನೆಯ ಬೆಲೆಯ ಪ್ರಶ್ನೆ.

ನಾವು ನಾಟಕಕ್ಕೆ ಖರ್ಚು ಮಾಡುವವರಲ್ಲ ಎಂದು ಮಾತ್ರ ಭಾವಿಸಬೇಡಿ. ‘ಹ್ಯಾಮಿಲ್ಟನ್’ 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಾಗ ನಮ್ಮ ವಠಾರದಿಂದ ಒಂದು ದಂಡೇ ಹೋಗಿತ್ತು. ಬರೆದವನೇ ಸಂಗೀತ ಕೂರಿಸಿ, ತಾನೇ ಮುಖ್ಯ ಪಾತ್ರವನ್ನೂ ಮಾಡಿದ್ದನಂತೆ ಎಂದು ಬೆರಗಾಗಿ ಬಂದೆವು. ನಮ್ಮ ಚಂದ್ರಶೇಖರ ಕಂಬಾರರು ಬರೆಯುವುದಕ್ಕೂ ಹಾಡುವುದಕ್ಕೂ ನಡುವೆ ಎಂದೂ ಗೋಡೆ ಕಟ್ಟಿದವರಲ್ಲ, ಅವರ ‘ಜೋಕುಮಾರಸ್ವಾಮಿ’ಯನ್ನು, ಲಂಕೇಶರ ‘ಸಂಕ್ರಾಂತಿ’ ಮತ್ತು ಅವರೇ ಕನ್ನಡಿಸಿದ ‘ಈಡಿಪಸ್’ ಜೊತೆ, 1972ರಲ್ಲೇ ಬೆಂಗಳೂರಿನ ಬಯಲಿನಲ್ಲಿ ನೀವು ಆಡಿಸಿದ್ದಿರಿ ಎಂದು ಮೈಸೂರಿನವರು ನೆನಪಿಸಿದರು. ಇರಬಹುದು. ಹ್ಯಾಮಿಲ್ಟನ್‌ಗೆ ತಲೆಗೆ ನೂರಾರು ಡಾಲರ್ ಕೊಟ್ಟು, ಆ ರ‍್ಯಾಪಿನ ವೇಗದಲ್ಲಿ ಅರ್ಧ ತಿಳಿಯದಿದ್ದರೂ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಕನ್ನಡ ನಾಟಕಕ್ಕೆ ಹತ್ತು ಡಾಲರ್ ಎಂದರೆ, ಊಟ ಸೇರಿಯೋ ಬಿಟ್ಟೋ ಎಂದು ಕೇಳುವುದು ನಮ್ಮ ಹಕ್ಕು.

‘ಹಯವದನ’ವನ್ನು ಪೂರ್ತಿ ಆಡುವ ಮಾತೂ ಬಂದಿತ್ತು. ತಲೆ ಒಬ್ಬನದು, ಮುಂಡ ಇನ್ನೊಬ್ಬನದು. ಯಾವುದು ನಿಜವಾದ ನಾನು ಎಂದು ತಿಳಿಯದೆ ಒದ್ದಾಡುವ ಕಥೆ ನಮ್ಮ ಸದಸ್ಯರಿಗೆ ಹತ್ತಿರವಾದೀತು ಎಂದು ಹಿರಿಯರ ವಾದ. ತಲೆ ಇಲ್ಲಿ, ಉಳಿದದ್ದು ಅಲ್ಲಿ ಎಂದು ಯಾರ ಕಡೆಯೂ ನೋಡದೆ ಹೇಳಿದರು. ಸಮಿತಿ ಸಮಯದ ಅಭಾವವನ್ನು ಮುಂದೊಡ್ಡಿತು. ನಮಗೆ ಕೊಡಲು ಸಾಧ್ಯವಿರುವುದು ಒಟ್ಟು ಹನ್ನೆರಡು ನಿಮಿಷ, ಸೀರೆ ಫ್ಯಾಷನ್ ಶೋ ಮತ್ತು ಅಂತ್ಯಾಕ್ಷರಿಯ ನಡುವೆ. ಆ ಹೊತ್ತಿಗೆ ಬಿಸಿಬೇಳೆ ಬಾತಿನ ಸಾಲು ಶುರುವಾಗಿರುತ್ತದೆ, ಹಾಗಾಗಿ ಸ್ವಲ್ಪ ಗಟ್ಟಿಯಾಗಿ ಹಾಡಬೇಕಾಗುತ್ತದೆ.

2029ಕ್ಕೆ ನಿಮಗೆ ನೂರು ತುಂಬುತ್ತದೆ. ಆಗ ನೋಡೋಣ, ಹಾಲ್ ಈಗಲೇ ಕಾದಿರಿಸಿದರೆ ರಿಯಾಯಿತಿ ಇದೆ ಎಂದು ಖಜಾಂಚಿ ಹೇಳಿದ್ದಾರೆ. ನಿಮ್ಮ ಗ್ರೀನ್ ರೂಮಿಗೆ ನೀರಿನ ಬಾಟಲಿ ಇಡಿಸುತ್ತೇವೆ.

ಸದ್ಯಕ್ಕೆ ಉಳಿದಿರುವುದು ಮಕ್ಕಳ ನಾಟಕ. ನೀವು ಟಾಗೋರರ ಗಿಣಿಯ ಕಥೆಯಿಂದ ಮಾಡಿದ ‘ಪಂಜರ ಶಾಲೆ’ಯನ್ನು ಆರಿಸಿದ್ದೇವೆ, ಚಿಕ್ಕದು, ಮುದ್ದಾಗಿರುತ್ತದೆ ಎಂದುಕೊಂಡು. ಓದಿದ ಮೇಲೆ ತಿಳಿಯಿತು. ಹಾಡಿಕೊಂಡಿದ್ದ ಗಿಣಿಗೆ ವಿದ್ಯೆ ಕಲಿಸಬೇಕೆಂದು ರಾಜ ಹೊರಡುತ್ತಾನೆ, ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕದ ಹಾಳೆಗಳನ್ನು ಅದರ ಬಾಯಿಗೆ ತುರುಕುತ್ತಾರೆ. ಟಾಗೋರರ ಕಥೆಯಲ್ಲಿ ಗಿಣಿ ಸಾಯುತ್ತದೆ, ಎಲ್ಲರೂ ಸಂಬಳ ತೆಗೆದುಕೊಳ್ಳುತ್ತಾರೆ. ಇದರಲ್ಲಿ ಯಾರನ್ನಾದರೂ ಉದ್ದೇಶಿಸಲಾಗಿದೆಯೇ ಎಂದು ಇಬ್ಬರು ತಾಯಂದಿರು ಕೇಳಿದ್ದಾರೆ. ಕೊನೆಯನ್ನು ಬದಲಿಸಿ ಗಿಣಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಸೀಟು ಸಿಗುವಂತೆ ಮಾಡಬಹುದೇ ಎಂಬ ಸಲಹೆ ಇನ್ನೂ ಚರ್ಚೆಯಲ್ಲಿದೆ.

ಮೈಸೂರಿನವರು ವೀಸಾ ಅವಧಿ ಮುಗಿಯುತ್ತ ಬಂದದ್ದರಿಂದ ಕಳೆದ ವಾರ ಊರಿಗೆ ಹೊರಟುಹೋದರು. ಹೋಗುವ ಮುನ್ನ ಗಿಣಿಯ ಪಾತ್ರಕ್ಕೆ ಎದುರು ಮನೆಯ ಹುಡುಗಿಯನ್ನು ಆರಿಸಿ, ಹಾಡನ್ನೂ ಬಾಯಿಪಾಠ ಮಾಡಿಸಿದ್ದರು, ಚೆನ್ನಾಗಿಯೇ ಹಾಡುತ್ತಾಳೆ. ತೊಂದರೆಯೆಂದರೆ ಕಾರ್ಯಕ್ರಮದ ಶನಿವಾರವೇ ಅವಳಿಗೆ ಗಣಿತದ ಟ್ಯೂಷನ್‌ನಲ್ಲಿ ಮಟ್ಟ ಏರುವ ಪರೀಕ್ಷೆ, ತಪ್ಪಿಸುವಂತಿಲ್ಲ. ಪಂಜರ ಮಾತ್ರ ಅಮೆಜಾನ್‌ನಿಂದ ಬಂದಿದೆ, ನಿಜಕ್ಕೂ ಸೊಗಸಾಗಿದೆ, ಹಿತ್ತಾಳೆ ಬಣ್ಣ, ಬಾಗಿಲಿಗೆ ಪುಟ್ಟ ಚಿಲಕವೂ ಇದೆ. ಅದನ್ನಷ್ಟೇ ವೇದಿಕೆಯ ನಡುವೆ ಇಟ್ಟು ದೀಪ ಬಿಟ್ಟು, ಹಾಡಿನ ಟ್ರ್ಯಾಕ್ ಹಾಕಿದರೆ ಹೇಗೆ ಎಂದು ಸಮಿತಿ ಕೇಳುತ್ತಿದೆ. ನಿರ್ದೇಶಕರಾಗಿ ತಮ್ಮ ಅಭಿಪ್ರಾಯವನ್ನು ಶುಕ್ರವಾರದೊಳಗೆ ತಿಳಿಸಬೇಕಾಗಿ ಕೋರಿಕೆ.

ಇತಿ,
ಸಾಂಸ್ಕೃತಿಕ ಕಾರ್ಯದರ್ಶಿ, ಮಿಲ್ಪಿಟಾಸ್